ಇಲಿಗೊಂದು ಕರೆಂಟ್ ಬೇಲಿ

ತೋಟದ ಮನೆಯ ಜಗುಲಿಯಲ್ಲಿ ವೈರು, ಬ್ಯಾಟರಿ, ಸರ್ಕ್ಯೂಟ್ ಬೋರ್ಡು ಹರಡಿಕೊಂಡು ಕೂತರೆ ಶಿರಸಿ ಸೀಮೆಯಲ್ಲಿ ಬರುವ ಪ್ರಶ್ನೆ ಒಂದೇ. ಪಕ್ಕದ ಮನೆ ಮಾವ ಕೊಡೆ ಮಡಚುವ ಮೊದಲೇ ಕೇಳಿದರು: "ತಮಾ, ಬೇಲಿ ಮಷಿನ್ನಾ? ಮಂಗಕ್ಕೋ, ಹಂದಿಗೋ?"

"ಇಲಿಗೆ ಮಾವಾ."

"ಇಲಿಗೆ ಬೋನು ಸಾಕಲೋ!"

ಪೂರ್ತಿ ಹೇಳಲೇಬೇಕಾಯಿತು. ನಮ್ಮ ಲ್ಯಾಬಿನಲ್ಲಿ ಇಲಿಯ ಸ್ನಾಯು ಕೋಶ ಬೆಳೆಸುತ್ತೇವೆ. ಸಿ2ಸಿ12 ಅಂತ ಹೆಸರು. ಆಹಾರದಲ್ಲಿ ಸೀರಮ್, ಅಂದರೆ ರಕ್ತದ ತಿಳಿ ದ್ರವ, ಕಡಿಮೆ ಮಾಡಿದರೆ ಅವು ಒಂದಕ್ಕೊಂದು ಕೂಡಿ ಉದ್ದನೆಯ ಎಳೆಗಳಾಗುತ್ತವೆ. ಆ ಎಳೆಗಳಿಗೆ ಸೆಕೆಂಡಿಗೊಂದು ಸಣ್ಣ ಶಾಕ್ ಕೊಟ್ಟರೆ ಮಿಡುಕುತ್ತವೆ. ಅದೇ ಅವಕ್ಕೆ ವ್ಯಾಯಾಮ. ಹೀಗೆ ಶಾಕ್ ಕೊಡುವ ರೆಡಿಮೇಡ್ ಸ್ಟಿಮ್ಯುಲೇಟರಿಗೆ ಲಕ್ಷಗಟ್ಟಲೆ ದುಡ್ಡು. ಆರ್ಡುಯಿನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು, ಆಟಿಕೆ ಕಾರಿನ ಮೋಟರಿಗೆ ಹಾಕುವ ಡ್ರೈವರ್ ಬೋರ್ಡು ಸೇರಿಸಿದರೆ ಎರಡು ಸಾವಿರದೊಳಗೆ ಮುಗಿಯುತ್ತದೆ.

ಮಾವ ಅರಳಿದ್ದು ಬೇರೆ ಮಾತಿಗೆ. "ಸೆಕೆಂಡಿಗೆ ಒಂದಾ? ನಮ್ಮ ಬೇಲಿದೂ ಅಷ್ಟೇಯ! ಟಕ್, ಟಕ್, ಟಕ್." ಹೌದಲ್ವಾ! ಆದರೆ ಬೇಲಿಯಲ್ಲಿ ಸಾವಿರಾರು ವೋಲ್ಟು, ನನ್ನದರಲ್ಲಿ ಹತ್ತು ಹನ್ನೆರಡು. ಅದನ್ನು ಕೇಳಿ ನನ್ನನ್ನು ಪಾಪ ಅನ್ನುವ ಹಾಗೆ ನೋಡಿದರು.

ಮುಂದಿನ ರಗಳೆ ಅಡುಗೆಮನೆಯಲ್ಲಿ. ಕೋಶವಿರುವ ದ್ರವಕ್ಕೆ ತಾಮ್ರದ ತಂತಿ ಇಳಿಸಿದರೆ ತಾಮ್ರ ಕರಗಿ ಕೋಶ ಸಾಯುತ್ತದೆ. ಅದಕ್ಕೇ ಕಾರ್ಬನ್ ಕಡ್ಡಿ ಬೇಕು. ಮನೆಯಲ್ಲಿ ಸುಮ್ನೆ ಪರೀಕ್ಷೆಗೆ ಅಂತ ಹಳೆ ಟಾರ್ಚ್ ಸೆಲ್ಲಿನ ಕಡ್ಡಿ ಕಿತ್ತು ಕುದಿಯಲು ಇಟ್ಟಿದ್ದೆ. ಆಯಿ ಮುಚ್ಚಳ ತೆಗೆದಳು. ಒಳಗೆ ಮಸಿಯಂಥ ನೀರು. "ಇದೆಂತ ಕಷಾಯನೋ?" ಆ ಪಾತ್ರೆ ಈಗ ಕೊಟ್ಟಿಗೆಯಲ್ಲಿದೆ.

ಕಡ್ಡಿಗಳನ್ನು ಉಪ್ಪುನೀರಿಗೆ ಅದ್ದಿ ಸ್ವಿಚ್ ಒತ್ತಿದರೆ ಬರೀ ಗುಳ್ಳೆ. ಕರೆಂಟ್ ಒಂದೇ ದಿಕ್ಕಿಗೆ ಹರಿದರೆ ನೀರು ಒಡೆಯುತ್ತದೆ. ಒಂದು ಕಡ್ಡಿಯ ಹತ್ತಿರ ಆಮ್ಲ, ಇನ್ನೊಂದರ ಹತ್ತಿರ ಕ್ಷಾರ. ಎರಡೂ ಕೋಶಕ್ಕೆ ಆಗಿಬರುವುದಿಲ್ಲ. ಮೋಟರ್ ಬೋರ್ಡು ಇರುವುದೇ ಇದಕ್ಕೆ. ಆಟಿಕೆ ಕಾರನ್ನು ರಿವರ್ಸ್ ಓಡಿಸುವ ಬೋರ್ಡು ಇಲ್ಲಿ ಕರೆಂಟನ್ನು ತಿರುಗಿಸುತ್ತದೆ. 2 ಮಿಲಿಸೆಕೆಂಡ್ ಶಾಕ್, ಬೆನ್ನಿಗೇ ಅಷ್ಟೇ ಹೊತ್ತು ಉಲ್ಟಾ ಶಾಕ್. ಗುಳ್ಳೆ ನಿಂತಿತು.

ಅಷ್ಟರಲ್ಲಿ ಕರೆಂಟೇ ಹೋಯಿತು. ಆಷಾಢದ ಮಳೆ, ಇನ್ನೇನಾಗುತ್ತದೆ! ಮಾವನೇ ಬೇಲಿಯ 12 ವೋಲ್ಟ್ ಬ್ಯಾಟರಿ ಹೊತ್ತು ತಂದರು. "ಇವತ್ತೊಂದಿನ ಹಂದಿ ತಿಂದ್ಕಂಡು ಹೋಗ್ಲಿ."

ಲ್ಯಾಬಿಗೆ ಹೋದ ಮೇಲೆ ಕೋಶದ ಎಳೆಗಳು ಮಿಡುಕುವ ವಿಡಿಯೋ ವಾಟ್ಸಾಪಿನಲ್ಲಿ ಕಳಿಸಿದೆ. ಮಾವನ ಉತ್ತರ ತಕ್ಷಣ ಬಂತು: "ಇಷ್ಟೇಯಾ? ನಮ್ಮ ಮಂಗ ಇದಕ್ಕಿಂತ ಜಾಸ್ತಿ ಹಾರ್ತು. ಬ್ಯಾಟರಿ ಎಲ್ಲಿ ಇಟ್ಟಿಕ್ಕಿ ಹೋದೆ?"