ಉರಿದರೆ ತಡ್ಕೋಬೇಡಿ, ಕೂಗಿ

ತಲೆ ಬಿಸಿಯಾಗಿದೆ. ಆರಿದ ಮೇಲೆ ಬರೆಯೋಣ ಅಂದುಕೊಂಡೆ. ಆರಿದ ಮೇಲೆ ನಾನು ಬರೆಯುವುದಿಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಈಗಲೇ.

ಇವತ್ತು ನನ್ನ ಎಕೋ, ಅಂದರೆ ಹೃದಯದ ಸ್ಕ್ಯಾನ್ ಇತ್ತು. (ಗಾಬರಿ ಬೇಡ, ಮಾಮೂಲಿ ಚೆಕಪ್. ಹೃದಯ ಇದ್ದಲ್ಲೇ ಇದೆ.) ರಿಪೋರ್ಟ್ ತಡ ಅಂದರು. ಪರಿಚಯದ ಸಿಸ್ಟರ್ ಒಬ್ಬರನ್ನು ಮಾತಾಡಿಸೋಣ ಅಂತ ಕೀಮೋ ವಾರ್ಡಿಗೆ ಹೋದೆ. ಅಲ್ಲಿ ಒಬ್ಬ ಹೆಂಗಸು ಕೂತಿದ್ದರು. ಕೈಯ ರಕ್ತನಾಳಕ್ಕೆ ಕ್ಯಾನುಲಾ (ಡ್ರಿಪ್ ಹಾಕುವ ಸಣ್ಣ ನಳಿಗೆ), ಅದರಲ್ಲಿ ಆ ಕೆಂಪು ಔಷಧಿ ಇಳಿಯುತ್ತಿದೆ. ಡಾಕ್ಸೊರುಬಿಸಿನ್ ಅನ್ನುವ ಕೀಮೋ ಔಷಧಿ. ನನಗೂ ಕೊಟ್ಟಿದ್ದರು, ಹಳೇ ಪರಿಚಯ, ನೋಡಿದ ಕೂಡಲೇ ಗುರುತು ಸಿಗುತ್ತದೆ. ಸಿಸ್ಟರ್ ಆಚೆ ಕಡೆ ಕೂಗುತ್ತಿದ್ದ ಪಂಪ್ ನೋಡಲು ಎದ್ದು ಹೋಗಿದ್ದರು. ಈ ಅಮ್ಮ ಪಕ್ಕದಲ್ಲಿದ್ದ ತಮ್ಮನಿಗೆ ಮೆಲ್ಲಗೆ, "ಇಲ್ಲಿ ಸ್ವಲ್ಪ ಉರೀತಿದೆ ಕಣೋ" ಅಂದರು. ಅವನು ಫೋನಿನಿಂದ ತಲೆ ಎತ್ತದೆ, "ಕೀಮೋ ಅಂದ್ರೆ ಉರಿಯುತ್ತೆ ಅಕ್ಕ, ಸ್ವಲ್ಪ ತಡ್ಕೋ" ಅಂದ.

ತಡ್ಕೋ ಅಂತೆ!

ನಾನು ಸಿಸ್ಟರನ್ನು ಕೂಗಿದ ಕೂಗಿಗೆ ಇಡೀ ವಾರ್ಡ್ ತಿರುಗಿ ನೋಡಿತು. ಅವರು ಓಡಿ ಬಂದು ಮೊದಲು ಡ್ರಿಪ್ ನಿಲ್ಲಿಸಿದರು, ಆಮೇಲೆ ಕೈ ನೋಡಿದರು. ಪುಣ್ಯಕ್ಕೆ ಔಷಧಿ ರಕ್ತನಾಳದಿಂದ ಹೊರಗೆ ಸೋರಿರಲಿಲ್ಲ. ರಕ್ತನಾಳದ ಉದ್ದಕ್ಕೂ ಕೆಂಪು ಗೆರೆ ಎದ್ದಿತ್ತು, ಅಷ್ಟೇ. ಈ ಔಷಧಿಗೆ ಕೆಲವರಲ್ಲಿ ಹಾಗಾಗುತ್ತದೆ. ಆದರೆ ಅದು ಅಷ್ಟೇನಾ ಅಂತ ತೀರ್ಮಾನ ಮಾಡಬೇಕಾದವರು ಸಿಸ್ಟರ್. ತಮ್ಮ ಅಲ್ಲ. ಆಮೇಲೆ ಆ ಹುಡುಗನನ್ನು ಕೇಳಿದೆ, ಉರಿದರೆ ಹೇಳಬೇಕು ಅಂತ ಅಕ್ಕನಿಗೆ ಯಾರೂ ಹೇಳಿಲ್ವಾ? ಅವನ ಉತ್ತರ: "ಇಲ್ಲ ಮೇಡಂ, ಸುಮ್ನೆ ಯಾಕೆ ಹೆದರಿಸೋದು ಅಂತ ನಾವೇ ಏನೂ ಹೇಳಿಲ್ಲ. ಡಾಕ್ಟರು ಕೊಟ್ಟ ಪೇಪರ್ ನನ್ನ ಹತ್ರಾನೇ ಇದೆ."

ಪೇಪರ್ ತಮ್ಮನ ಹತ್ತಿರ. ಸಹಿ ಮಾಡಿದ್ದೂ ತಮ್ಮ. ಔಷಧಿ ಮಾತ್ರ ಅಕ್ಕನ ಕೈಗೆ.

ನೋಡಿ, ಡಾಕ್ಸೊರುಬಿಸಿನ್ ಸಾಮಾನ್ಯ ಔಷಧಿ ಅಲ್ಲ. ಸ್ತನ ಕ್ಯಾನ್ಸರ್, ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್), ಸಾರ್ಕೋಮಾ (ಮೂಳೆ, ಸ್ನಾಯುಗಳಂಥ ಕಡೆಯ ಕ್ಯಾನ್ಸರ್), ಕೆಲವು ಬಗೆಯ ರಕ್ತದ ಕ್ಯಾನ್ಸರ್, ಹೀಗೆ ಎಷ್ಟಕ್ಕೋ ಕೊಡುತ್ತಾರೆ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1974ರಲ್ಲಿ. ಇಷ್ಟು ವರ್ಷ ಆದರೂ ಮೂಲೆಗೆ ಸೇರಿಲ್ಲ, ಯಾಕೆಂದರೆ ಕೆಲಸ ಮಾಡುತ್ತದೆ. ಆದರೆ ಅದರ ಜಾಗ ರಕ್ತನಾಳದ ಒಳಗೆ ಮಾತ್ರ. ಸೂಜಿ ಸ್ವಲ್ಪ ಸರಿದು ಔಷಧಿ ಹೊರಗೆ ಸೋರಿದರೆ ಸುತ್ತಲಿನ ಚರ್ಮ, ಮಾಂಸ ಕೊಳೆಯಬಹುದು. ಆ ದಿನ ಬರೀ ಕೆಂಪಗೆ, ಊತ ಅಷ್ಟೇ ಕಾಣಬಹುದು. ಹುಣ್ಣು ನಿಧಾನವಾಗಿ, ದಿನಗಳು ಕಳೆದ ಮೇಲೆ ಏಳುತ್ತದೆ. ಕೆಲವರಿಗೆ ಆ ಭಾಗ ಕತ್ತರಿಸಿ ತೆಗೆದು ಬೇರೆ ಕಡೆಯ ಚರ್ಮ ತಂದು ಹಾಕಬೇಕಾಗುತ್ತದೆ.

ಇದಕ್ಕೆ ಮದ್ದು ಇದೆ. ಡೆಕ್ಸ್‌ರಜೊಕ್ಸೇನ್ ಅಂತ. ಆದರೆ ಸೋರಿದ 6 ಗಂಟೆಯೊಳಗೆ ಶುರು ಮಾಡಬೇಕು. ಮೇಲಿಂದ ತಣ್ಣನೆಯ ಪಟ್ಟಿ ಇಡುತ್ತಾರೆ. ಬಿಸಿ ಶಾಖ ಕೊಡುವ ಹಾಗಿಲ್ಲ. (ವಿಂಕ್ರಿಸ್ಟಿನ್ ಅಂತ ಇನ್ನೊಂದು ಕೀಮೋ ಔಷಧಿಗೆ ಉಲ್ಟಾ, ಅದಕ್ಕೆ ಬಿಸಿ. ಹಾಗಾಗಿ ಮನೆಯಲ್ಲಿ ನಿಮ್ಮ ವೈದ್ಯ ನೀವೇ ಆಗಲು ಹೋಗಬೇಡಿ.) ಈಗ ಹೇಳಿ, ಆ 6 ಗಂಟೆಯ ಗಡಿಯಾರ ಶುರುವಾಗಿದೆ ಅಂತ ಮೊದಲು ಗೊತ್ತಾಗುವುದು ಯಾರಿಗೆ? ಡಾಕ್ಟರಿಗಾ? ತಮ್ಮನಿಗಾ? ಆ ಕೈ ಯಾರದ್ದೋ ಅವರಿಗೆ. ಇನ್ನೊಂದು ವಿಷಯ, ಉರಿಯೇ ಇಲ್ಲದೆಯೂ ಸೋರಬಹುದು. ಸೂಜಿಯಲ್ಲಿ ರಕ್ತ ಚೆನ್ನಾಗಿ ವಾಪಸ್ ಬರುತ್ತಿದ್ದರೂ ಸೋರಬಹುದು. ಅದಕ್ಕೇ ಉರಿ, ಚುಚ್ಚು, ಊತ, ಬಿಗಿತ, ಏನೋ ಒಂಥರಾ ಅನ್ನಿಸುವುದು, ಎಲ್ಲವನ್ನೂ ಹೇಳಬೇಕು. ಪೋರ್ಟ್ (ಚರ್ಮದ ಕೆಳಗೆ ಇಟ್ಟು ದೊಡ್ಡ ರಕ್ತನಾಳಕ್ಕೆ ಜೋಡಿಸುವ ಸಾಧನ) ಹಾಕಿಸಿಕೊಂಡವರಿಗೆ ಈ ಭಯ ಕಡಿಮೆ. ಇಲ್ಲವೇ ಇಲ್ಲ ಅಂತಲ್ಲ.

ಇದನ್ನು ಹೇಳಲು ಎಷ್ಟು ಹೊತ್ತು ಬೇಕು? ಒಂದು ವಾಕ್ಯ. "ಉರಿದರೆ ಆ ಕ್ಷಣವೇ ನನ್ನನ್ನು ಕೂಗಿ." ಅಷ್ಟೇ. ಇದರಲ್ಲಿ ಹೆದರಿಸುವುದು ಏನಿದೆ?

ನಮ್ಮಲ್ಲಿ ರೋಗಿಗೆ ಹೇಳುವುದು ಒಂದೇ ವಿಷಯ: ಕೂದಲು ಉದುರುತ್ತದೆ. ಅದನ್ನು ಡಾಕ್ಟರ್ ಹೇಳುತ್ತಾರೆ, ನೆಂಟರು ಹೇಳುತ್ತಾರೆ, ಲಿಫ್ಟಿನಲ್ಲಿ ಸಿಕ್ಕವರೂ ಹೇಳುತ್ತಾರೆ. ಹೌದು, ಉದುರುತ್ತದೆ. ಚಿಕಿತ್ಸೆ ಮುಗಿದ 2-3 ತಿಂಗಳಲ್ಲಿ ಮತ್ತೆ ಬರಲು ಶುರುವಾಗುತ್ತದೆ. ಕೂದಲು ಹೋಗಿದ್ದಕ್ಕೆ ಯಾರೂ ಸತ್ತಿಲ್ಲ. ಜ್ವರವನ್ನು ಕಡೆಗಣಿಸಿ ಸತ್ತವರಿದ್ದಾರೆ. ಆ ಜ್ವರದ ವಿಷಯ ಮಾತ್ರ ರೋಗಿಯ ಕಿವಿಗೆ ಬೀಳುವುದಿಲ್ಲ, ಹೆದರುತ್ತಾಳಲ್ಲ ಪಾಪ!

ಅದನ್ನೂ ಬರೆದುಬಿಡುತ್ತೇನೆ. ಡಾಕ್ಸೊರುಬಿಸಿನ್ ಕೊಟ್ಟ 10ರಿಂದ 14 ದಿನದ ಹೊತ್ತಿಗೆ ಬಿಳಿ ರಕ್ತಕಣ ತೀರಾ ಕೆಳಗೆ ಇಳಿಯುತ್ತದೆ. ಸಾಮಾನ್ಯವಾಗಿ 21ನೇ ದಿನದ ಹೊತ್ತಿಗೆ ಚೇತರಿಸಿಕೊಳ್ಳುತ್ತದೆ. ಈ ನಡುವೆ ಬಂದ ಜ್ವರ ನೆಗಡಿ ಜ್ವರ ಅಲ್ಲ. 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಮುಟ್ಟಿದರೆ ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು. ರಾತ್ರಿ ಎರಡು ಗಂಟೆಯಾಗಿದ್ದರೂ. ಬೆಳಗ್ಗೆ ನೋಡೋಣ ಅನ್ನುವ ಹಾಗಿಲ್ಲ. ಸೋಂಕಿನ ಜೊತೆ ಹೋರಾಡಲು ಒಳಗೆ ಸೈನ್ಯವೇ ಇರುವುದಿಲ್ಲ, ಹಾಗಾಗಿ ಕೀವು, ಊತ ಅಂತ ಗುರುತುಗಳೂ ಸರಿಯಾಗಿ ಕಾಣದೇ ಇರಬಹುದು. ಜ್ವರ ಒಂದೇ ಸುಳಿವು ಆಗಿರಬಹುದು. ಆ ಒಂದು ಸುಳಿವನ್ನೂ ನಾವು ಪ್ಯಾರಸಿಟಮಾಲ್ ನುಂಗಿಸಿ ಮುಚ್ಚಿಹಾಕುತ್ತೇವೆ. ಮೈ ಬಿಸಿ ಅನ್ನಿಸಿದರೆ ಮೊದಲು ಥರ್ಮಾಮೀಟರ್, ಆಮೇಲೆ ಫೋನ್. ಮಾತ್ರೆ ಡಾಕ್ಟರ್ ಹೇಳಿದರೆ ಮಾತ್ರ. ಚಳಿ ಬಂದು ನಡುಗಿದರೆ ಥರ್ಮಾಮೀಟರ್ ಏನೇ ಹೇಳಲಿ, ಫೋನ್ ಮಾಡಿ.

ಮತ್ತೆ ಅದೇ ಪ್ರಶ್ನೆ. ಚಳಿ ಹತ್ತಿದ್ದು ಯಾರಿಗೆ ಗೊತ್ತಾಗುತ್ತದೆ? ಪೇಪರ್ ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗಿರುವ ತಮ್ಮನಿಗಾ?

ಈಗ ಕಾಮೆಂಟಿಗೆ ಬರುವ ಮಾತು ನನಗೆ ಗೊತ್ತು. "ಎಲ್ಲ ಹೇಳಿದರೆ ರೋಗಿ ಧೈರ್ಯಗೆಡುತ್ತಾರೆ. ಎಲ್ಲರೂ ನಿಮ್ಮ ಹಾಗೆ ಗಟ್ಟಿ ಇರಲ್ಲ." ಮೊದಲನೆಯದಾಗಿ, ನಾನು ಗಟ್ಟಿ ಅಲ್ಲ. ಎಕೋ ತಾರೀಕು ಹತ್ತಿರ ಬಂದರೆ ನಾನು ಮನೆಯವರ ಮೇಲೆಲ್ಲ ಹರಿಹಾಯುತ್ತೇನೆ, ಕೇಳಿ ನೋಡಿ. ಇನ್ನೊಂದು ಗುಟ್ಟು ಹೇಳಲಾ? ನನ್ನ ಕಾಯಿಲೆಯಲ್ಲಿ ನೂರಕ್ಕೆ ಎಷ್ಟು ಜನ ಎಷ್ಟು ವರ್ಷ ಬದುಕುತ್ತಾರೆ ಅನ್ನುವ ಲೆಕ್ಕವನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ಡಾಕ್ಟರ್ ಹೇಳಲು ಹೊರಟಾಗ ಕೈ ಅಡ್ಡ ಹಿಡಿದಿದ್ದೇನೆ. ನನಗೆ ಅದು ಬೇಡ. ತಿಳಿದರೆ ನಿದ್ದೆ ಹೋಗುತ್ತದೆ, ಬೇರೇನೂ ಲಾಭ ಇಲ್ಲ. ಹಾಗಾಗಿ "ನನಗೆ ಹೇಳಬೇಡಿ" ಅನ್ನುವ ಹಕ್ಕಿನ ಪರವಾಗಿ ನಿಮಗಿಂತ ಜೋರಾಗಿ ಕೂಗುವವಳು ನಾನು.

ಆದರೆ ಅದು ಬೇರೆ, ಇದು ಬೇರೆ. ಆ ಲೆಕ್ಕ ಗೊತ್ತಾದರೆ ನಾನು ಮಾಡಬೇಕಾದ್ದು ಏನೂ ಇಲ್ಲ. ಔಷಧಿಯ ಗುಣ ಗೊತ್ತಾದರೆ ನಾನು ಮಾಡಬೇಕಾದ್ದು ಇದೆ, ನನ್ನಿಂದಲೇ ಆಗಬೇಕಾದ್ದು. ಈ ಎರಡನ್ನೂ ಒಂದೇ ಗಂಟು ಕಟ್ಟಿ "ಏನೂ ಹೇಳಬೇಡಿ" ಅನ್ನುವವರು ರೋಗಿಯನ್ನು ಕಾಪಾಡುತ್ತಿಲ್ಲ. ಅಳುವವರನ್ನು ಎದುರಿಸುವ ಕಷ್ಟದಿಂದ ತಮ್ಮನ್ನು ಕಾಪಾಡಿಕೊಳ್ಳುತ್ತಿದ್ದಾರೆ. ಕಟುವಾಯಿತಾ? ಆಗಲಿ.

ಇನ್ನು ಹೇಳದಿದ್ದರೆ ಹೆದರಿಕೆ ಆಗುವುದಿಲ್ಲ ಅನ್ನುವುದಂತೂ ಶುದ್ಧ ಸುಳ್ಳು. ಈ ಔಷಧಿ ಕೊಟ್ಟ ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ. ಔಷಧಿಯ ಬಣ್ಣ ಅದು, ರಕ್ತ ಅಲ್ಲ. ಇದನ್ನು ಮೊದಲೇ ಹೇಳಿದ್ದರೆ ನೋಡಿ, ಹ್ಞೂಂ ಅಂದು ಫ್ಲಶ್ ಮಾಡಿ ಬರುತ್ತೀರಿ. ಹೇಳದೇ ಇದ್ದರೆ? ಬಾತ್‌ರೂಮಿನಲ್ಲಿ ಒಬ್ಬರೇ ನಿಂತು, ಕ್ಯಾನ್ಸರ್ ಅಲ್ಲಿಗೂ ಹೋಯಿತು ಅಂತ ನಡುಗಬೇಕು. ಆ ಹೆದರಿಕೆಯನ್ನು ಉಚಿತವಾಗಿ ಕೊಟ್ಟವರು ಯಾರು ಸ್ವಾಮಿ? (ಎರಡು ದಿನ ಕಳೆದ ಮೇಲೂ ಕೆಂಪಿದ್ದರೆ, ಅಥವಾ ಉರಿಮೂತ್ರ ಇದ್ದರೆ ಡಾಕ್ಟರಿಗೆ ಹೇಳಿ. ಡಾಕ್ಸೊರುಬಿಸಿನ್ ಜೊತೆ ಕೆಲವರಿಗೆ ಕೊಡುವ ಸೈಕ್ಲೋಫಾಸ್ಫಮೈಡ್ ಅನ್ನುವ ಇನ್ನೊಂದು ಕೀಮೋ ಔಷಧಿ ಮೂತ್ರಕೋಶವನ್ನು ಕೆರಳಿಸಬಹುದು, ಆಗ ನಿಜವಾಗಿ ರಕ್ತ ಬರಬಹುದು.) ಮೊದಲ ಕೆಲವು ದಿನ ರೋಗಿಯ ಮೂತ್ರ, ವಾಂತಿ ಬಳಿಯುವವರು ಗ್ಲೌಸ್ ಹಾಕಿಕೊಳ್ಳಬೇಕು. ಇದು ಮುಟ್ಟಬಾರದು ಅಂತ ಅಲ್ಲ. ತಬ್ಬಿಕೊಳ್ಳಿ, ಪಕ್ಕದಲ್ಲಿ ಕೂರಿ, ಏನೂ ಆಗುವುದಿಲ್ಲ.

ವಾಂತಿ ಮಾತ್ರೆ ವಾಂತಿ ಬಂದ ಮೇಲೆ ನುಂಗುವುದಕ್ಕಲ್ಲ, ಬಾರದಿರಲಿ ಅಂತ ಹೇಳಿದ ಹೊತ್ತಿಗೆ ನುಂಗುವುದಕ್ಕೆ. ಬಾಯಿಹುಣ್ಣು ಬಂದರೆ ಹೇಳಿ, ನುಂಗಲಾಗದೆ ಒಣಗಿ ಕೂರಬೇಡಿ. ಇವೆಲ್ಲ ಹೇಗೋ ಗೊತ್ತಾಗುತ್ತವೆ. ಯಾರೂ ಬಾಯಿ ಬಿಡದ ವಿಷಯ ಇನ್ನೊಂದಿದೆ. ಚಿಕಿತ್ಸೆ ನಡೆಯುವಾಗ ಬಸಿರಾಗಬಾರದು, ಮಗುವಿಗೆ ಅಪಾಯ. ಗಂಡಸರು ಈ ಔಷಧಿ ತಗೊಳ್ಳುತ್ತಿದ್ದರೂ ಅದೇ ಎಚ್ಚರ ಬೇಕು, ಮುಗಿದ ಮೇಲೂ ಕೆಲವು ತಿಂಗಳು. ಮುಂದೆ ಮಕ್ಕಳು ಬೇಕು ಅನ್ನುವವರು ಮೊದಲ ಡ್ರಿಪ್‌ಗೂ ಮುಂಚೆ ಕೇಳಬೇಕು, ಅಂಡಾಣು, ವೀರ್ಯ ತೆಗೆದಿಡುವ ದಾರಿ ಇದೆಯಾ ಅಂತ. ಮುಗಿದ ಮೇಲೆ ಕೇಳಿದರೆ ಕೆಲವರಿಗೆ ತಡ ಆಗಿರುತ್ತದೆ. ಇದನ್ನು ತಮ್ಮನ ಮೂಲಕ ಕೇಳಿಸುವುದು ಹೇಗೆ? ಯೋಚನೆ ಮಾಡಿ ನೋಡಿ.

ಇನ್ನೊಂದು ಗುಂಪಿದೆ, ಅವರ ಬಗ್ಗೆ ಎರಡೇ ಮಾತು. "ಕೀಮೋ ಬರೀ ಕೆಮಿಕಲ್, ನ್ಯಾಚುರಲ್ ಆಗಿ ಹೋಗಿ" ಅಂತ ಮೆಸೇಜ್ ಕಳಿಸುವವರು. ಅಯ್ಯಾ, ಡಾಕ್ಸೊರುಬಿಸಿನ್‌ನ ಮೂಲ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ. ಇಟಲಿಯ ಕ್ಯಾಸ್ಟೆಲ್ ಡೆಲ್ ಮಾಂಟೆ ಅನ್ನುವ ಹಳೇ ಕೋಟೆಯ ಹತ್ತಿರದ ಮಣ್ಣಲ್ಲಿ ಸಿಕ್ಕಿದ್ದು. ಇದಕ್ಕಿಂತ ನ್ಯಾಚುರಲ್ ಬೇಕಾ? ಹಾವಿನ ವಿಷವೂ ನ್ಯಾಚುರಲ್ಲೇ. ಅಂದಹಾಗೆ ನೀವು ಗುಟ್ಟಾಗಿ ತಗೊಳ್ಳುತ್ತಿರುವ ಪುಡಿ, ಕಷಾಯ, ಏನೇ ಇರಲಿ, ಡಾಕ್ಟರಿಗೆ ಹೇಳಿ. ಈ ಔಷಧಿಯನ್ನು ದೇಹದಿಂದ ಹೊರಹಾಕುವುದು ಮುಖ್ಯವಾಗಿ ಲಿವರ್. ಲಿವರ್ ಸೋತಿದ್ದರೆ ಡೋಸನ್ನೇ ಇಳಿಸಬೇಕಾಗುತ್ತದೆ. ಬೈಸಿಕೊಂಡರೂ ಪರವಾಗಿಲ್ಲ, ಹೇಳಿಬಿಡಿ.

ಡಾಕ್ಟರಿಗೆ, ಸಿಸ್ಟರಿಗೆ ಟೈಮ್ ಇಲ್ಲ ಅನ್ನುವುದನ್ನು ಅರ್ಧ ಒಪ್ಪುತ್ತೇನೆ. ಒಬ್ಬ ಸಿಸ್ಟರ್ ಎಷ್ಟು ಕುರ್ಚಿ ನೋಡಿಕೊಳ್ಳುತ್ತಾರೆ ಅಂತ ಇವತ್ತೂ ನೋಡಿದೆ. ಆದರೆ ಹೇಳುವವರಿಗೆ ಟೈಮ್ ಇಲ್ಲ ಅಂದರೆ ಕೇಳುವವರು ಸರಿಯಾದವರಾಗಿರಬೇಕು ತಾನೇ? ಇದ್ದ ಎರಡು ನಿಮಿಷವನ್ನೂ ತಮ್ಮನಿಗೆ ಹೇಳಿ ಮುಗಿಸಿದರೆ ಹೇಗೆ? ಡಾಕ್ಟರೇ, ಮುಂದೆ ಕೂತಿರುವ ಆಕೆಗೆ ಕಿವಿ ಇದೆ. ಕಾಯಿಲೆ ಬಂದಿರುವುದು ಕಿವಿಗಲ್ಲ.

ನನ್ನ ಎಕೋ ಕಥೆಗೆ ಬರುತ್ತೇನೆ, ಯಾಕೆಂದರೆ ಎಷ್ಟೋ ಜನ ನನ್ನನ್ನು ಕೇಳುತ್ತಾರೆ, ಎಲ್ಲ ಮುಗೀತಲ್ಲ, ಇನ್ನೂ ಯಾಕೆ ಹೃದಯ ತೋರಿಸ್ತೀಯ ಅಂತ. ಈ ಔಷಧಿ ಹೃದಯದ ಸ್ನಾಯುವನ್ನು ದುರ್ಬಲ ಮಾಡಬಹುದು. ಕೆಲವರಿಗೆ ಚಿಕಿತ್ಸೆಯ ನಡುವೆಯೇ, ಕೆಲವರಿಗೆ ಎಷ್ಟೋ ವರ್ಷ ಕಳೆದ ಮೇಲೆ. ಅಪಾಯ ಏರುವುದು ಒಟ್ಟು ಡೋಸಿನ ಜೊತೆ. ಮೈಯ ಮೇಲ್ಮೈ ಅಳತೆಗೆ ತಕ್ಕಂತೆ ಔಷಧಿ ಲೆಕ್ಕ ಹಾಕುತ್ತಾರೆ. ಚದರ ಮೀಟರ್‌ಗೆ ಒಟ್ಟು 300 ಮಿಲಿಗ್ರಾಂ ಆದಾಗ ನೂರಕ್ಕೆ ಒಬ್ಬಿಬ್ಬರಿಗೆ ಹೃದಯದ ತೊಂದರೆ. 450ಕ್ಕೆ ಹೋದರೆ 5ರಿಂದ 8 ಜನಕ್ಕೆ. 500 ದಾಟುತ್ತಾ ಹೋದರೆ ಇನ್ನೂ ಜಾಸ್ತಿ. ಸ್ತನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಒಂದು ಸಲಕ್ಕೆ 60ರಂತೆ 4 ಸಲ ಕೊಡುತ್ತಾರೆ, ಒಟ್ಟು 240. ಹಾಗಾಗಿ ಇದನ್ನು ಓದಿ ಎದೆ ಹಿಡಿದುಕೊಳ್ಳಬೇಡಿ. ಆದರೆ ಎಡ ಎದೆಗೆ ರೇಡಿಯೇಷನ್ ಆಗಿದ್ದರೆ, ಟ್ರಾಸ್ಟುಜುಮಾಬ್ (ಕೆಲವು ಬಗೆಯ ಸ್ತನ ಕ್ಯಾನ್ಸರ್‌ಗೆ ಕೊಡುವ ಇನ್ನೊಂದು ಔಷಧಿ) ಕೂಡ ತಗೊಂಡಿದ್ದರೆ, ಮೊದಲೇ ಬಿಪಿ, ಹೃದಯದ ಕಾಯಿಲೆ ಇದ್ದರೆ ಅಪಾಯ ಏರುತ್ತದೆ. ಮೆಟ್ಟಿಲು ಹತ್ತುವಾಗ ಏದುಸಿರು, ಕಾಲೂತ, ಮಲಗಿದರೆ ಉಸಿರು ಕಟ್ಟುವುದು, ಇವನ್ನು "ಕೀಮೋ ಸುಸ್ತು" ಅಂತ ತಳ್ಳಿಹಾಕಬೇಡಿ.

ಈ ಒಟ್ಟು ಡೋಸ್ ಅನ್ನುವುದು ಜೀವಮಾನದ ಲೆಕ್ಕ. ಕೀಮೋ ಮುಗಿದ ದಿನ ಸೊನ್ನೆಗೆ ಬರುವುದಿಲ್ಲ. ದೇವರು ಹಾಗೆ ಮಾಡದಿರಲಿ, ಮುಂದೆಂದೋ ಮತ್ತೆ ಇದೇ ಜಾತಿಯ ಔಷಧಿ ಬೇಕಾದರೆ, ಬೇರೆ ಊರು, ಬೇರೆ ಡಾಕ್ಟರ್ ಆಗಿದ್ದರೆ, ಅವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದು ಒಂದು. ಇಷ್ಟು ಹೇಳಿದ ಮೇಲೆ ಇವತ್ತು ಆ ಹುಡುಗ ಜೇಬಿನಿಂದ ಪೇಪರ್ ತೆಗೆದು ಅಕ್ಕನ ಕೈಗೆ ಕೊಟ್ಟ. ಮಡಚಿ ಮಡಚಿ ಅಂಚೇ ಹರಿದಿತ್ತು. ನಿಮ್ಮದು ಎಲ್ಲಿದೆ, ಯಾರ ಜೇಬಿನಲ್ಲಿದೆ ನೋಡಿಕೊಳ್ಳಿ. ಔಷಧಿಯ ಹೆಸರು, ಒಟ್ಟು ಎಷ್ಟು ಮಿಲಿಗ್ರಾಂ, ಕೊನೆಯ ಸಲ ಕೊಟ್ಟ ತಾರೀಕು, ಮೊದಲಿನ ಎಕೋ ರಿಪೋರ್ಟ್. ಡಿಸ್ಚಾರ್ಜ್ ಸಮ್ಮರಿಯಲ್ಲಿ ಇವು ಇಲ್ಲದಿದ್ದರೆ ಬರೆಸಿಕೊಂಡೇ ಕುರ್ಚಿಯಿಂದ ಏಳಿ.