ಪಂಪ್ ದೊಡ್ಡದಾದರೆ ಸಾಲದು

"ಹೈ ವಾಲ್ಯೂಮ್ ಪಂಪ್ ಹಾಕಿದರೆ ರೇಸ್ ಎಂಜಿನ್ನಿನ ಬೇರಿಂಗ್ ಚಿಂತೆ ಮುಗಿಯಿತು" ಅಂತ ಎಂಜಿನ್ನಿನ ಆಯಿಲ್ ಪಂಪ್ ಬಗ್ಗೆ ಬರೆದಿದ್ದೀರಿ, ಅಂದರೆ ಹೆಚ್ಚು ಆಯಿಲ್ ತಳ್ಳುವ ದೊಡ್ಡ ಪಂಪ್ ಇದ್ದರೆ ತಿರುಗುವ ಭಾಗಗಳನ್ನು ಹೊರುವ ಬೇರಿಂಗ್‌ಗಳಿಗೆ ಆಯಿಲ್ ಕೊರತೆಯಾಗದು ಅಂತ. ಇದೊಂದು ಮಾತು ನಾನು ಒಪ್ಪುವುದಿಲ್ಲ. 8000 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ಆಸುಪಾಸಿನಲ್ಲಿ ತೊಂದರೆ ಶುರುವಾಗುವುದು ಹೆಚ್ಚಾಗಿ ಪಂಪ್ ಆಯಿಲ್ ಹೀರುವ ಕಡೆ. ಪಂಪಿನೊಳಗಿನ ಗೇರ್ ತಿರುಗುವ ವೇಗಕ್ಕೆ ಆಯಿಲ್ ಬಂದು ತುಂಬದಿದ್ದರೆ ಗುಳ್ಳೆ ಏಳುತ್ತದೆ, ಪ್ರೆಶರ್ ಮೀಟರಿನ ಮುಳ್ಳು ನಡುಗುತ್ತದೆ. ಅಲ್ಲಿ ದೊಡ್ಡ ಪಂಪ್ ಕೂರಿಸಿದರೆ ಹಸಿವು ಜಾಸ್ತಿ, ಬಾಯಿ ಮಾತ್ರ ಅಷ್ಟೇ!

ನಾನೂ ಒಮ್ಮೆ ಹಾಗೇ ಮಾಡಿ ಕೈ ಸುಟ್ಟುಕೊಂಡೆ. ಮಿಕ್ಕ ಆಯಿಲೆಲ್ಲ ರಿಲೀಫ್ ವಾಲ್ವ್ (ಪ್ರೆಶರ್ ಮಿತಿ ಮೀರಿದಾಗ ತೆರೆದುಕೊಳ್ಳುವ ವಾಲ್ವ್) ಮೂಲಕ ಸುಮ್ನೆ ಸುತ್ತಿ ಸುತ್ತಿ ಕಾದಿದ್ದೇ ಬಂತು. ಆಮೇಲೆ ಹಳೇ ಪಂಪನ್ನೇ ಬಿಚ್ಚಿ, ಆಯಿಲ್ ಒಳಬರುವ ಇನ್‌ಲೆಟ್ ದಾರಿಯ ಚೂಪು ಅಂಚುಗಳನ್ನು ಉಜ್ಜಿ ದುಂಡಗೆ ಮಾಡಿದೆ, ಎರಕದ ಗೆರೆ ತೆಗೆದೆ, ಎಂಜಿನ್ ತಳದಿಂದ ಪಂಪಿಗೆ ಆಯಿಲ್ ತರುವ ಪಿಕಪ್ ಪೈಪ್ ಸ್ವಲ್ಪ ಅಗಲದ್ದು ಹಾಕಿದೆ. ಮುಳ್ಳಿನ ನಡುಕ ನಿಂತಿತು. ಉಜ್ಜುವಾಗ ಇನ್‌ಲೆಟ್ ಮತ್ತು ಔಟ್‌ಲೆಟ್ ನಡುವಿನ ಗೋಡೆಯನ್ನು ಮಾತ್ರ ಮುಟ್ಟಬೇಡಿ. ಅದು ಸವೆದರೆ ಪ್ರೆಶರ್ ಒಳಗೊಳಗೇ ಸೋರಿಹೋಗುತ್ತದೆ.

ಪಂಪಿಗೆ ಬಿಲ್ಲೆಟ್ ಗೇರ್ (ಗಟ್ಟಿ ಲೋಹದ ತುಂಡಿನಿಂದ ಕೊರೆದು ಮಾಡಿದ್ದು) ಹಾಕಬೇಕು ಅಂತ ನೀವು ಹೇಳಿದ್ದು ನಿಜ. ಪಂಪ್ ನೇರ ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ತಿರುಗುವ ದಂಡ) ಮೇಲೇ ಕೂತಿರುವ ಎಂಜಿನ್ನಿನಲ್ಲಿ, ಲೋಹದ ಪುಡಿ ಒತ್ತಿ ಮಾಡಿದ ಗೇರ್ ರೆವ್ ಲಿಮಿಟರ್ (ಎಂಜಿನ್ ವೇಗ ಮಿತಿ ಮೀರದಂತೆ ತಡೆಯುವ ವ್ಯವಸ್ಥೆ) ಹೊಡೆತಕ್ಕೆ ಚೂರಾಗಬಹುದು. ಅಲ್ಲಿ ದುಡ್ಡು ಉಳಿಸಲು ಹೋಗಬಾರದು.