ದಮ್ಮಿದ್ದವರೆಲ್ಲ ಬನ್ನಿ

ಕನ್ನಡದಲ್ಲಿ ದಮ್ಮು ಎಂಬ ಮಾತಿಗೆ ಎರಡು ಮುಖ. ರಾಜಕಾರಣಿಗೆ ದಮ್ಮಿದ್ದರೆ ಎದುರಾಳಿಗೆ ಸವಾಲು ಹಾಕುತ್ತಾನೆ; ನಮ್ಮಂಥವರಿಗೆ ದಮ್ಮಿದ್ದರೆ ಮೆಟ್ಟಿಲ ಮಧ್ಯದಲ್ಲೇ ಕುಳಿತುಬಿಡುತ್ತೇವೆ. ಈ ಎರಡೂ ಬಗೆಯ ದಮ್ಮಿನವರನ್ನು ಒಂದೇ ಶಾಮಿಯಾನದ ಕೆಳಗೆ ಕೂರಿಸಿದ ಶ್ರೇಯಸ್ಸು ಶಿವಮೊಗ್ಗದ ಉತ್ಸಾಹಿ ಸಮಿತಿಯೊಂದಕ್ಕೆ ಸಲ್ಲಬೇಕು. 1998ರಿಂದ ಆಚರಣೆಯಲ್ಲಿರುವ ವಿಶ್ವ ಅಸ್ತಮಾ ದಿನ ಬರುವುದು ಮೇ ತಿಂಗಳ ಮೊದಲ ಮಂಗಳವಾರ. ಆದರೆ ಮಂಗಳವಾರ ಮುಖ್ಯ ಅತಿಥಿಗಳಿಗೆ ಬಿಡುವಿಲ್ಲದ ಕಾರಣ ಅಸ್ತಮಾವನ್ನು ಭಾನುವಾರಕ್ಕೆ ಮುಂದೂಡಲಾಗಿತ್ತು. 'ಸಾಮೂಹಿಕ ಪ್ರಾಣಾಯಾಮದಿಂದ ಉಬ್ಬಸಮುಕ್ತ ಮಲೆನಾಡು' ಎಂಬ ಬ್ಯಾನರಿನಲ್ಲಿ ಅತಿಥಿಗಳ ಮೂಗೇ ನಮ್ಮ ಮನೆಯ ಬಾಗಿಲಿನಷ್ಟಿತ್ತು.

ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಮ್ಮನಿಗೆ ಮೂವತ್ತು ವರ್ಷಗಳ ದಮ್ಮು. ಬಚ್ಚಲೊಲೆಯ ಹೊಗೆ, ಮಳೆಗಾಲದಲ್ಲಿ ಗೋಡೆಗೆ ಹಿಡಿಯುವ ಬೂಷ್ಟು, ಅಡಿಕೆ ಕೊಯ್ಲಿನ ಧೂಳು, ಎಲ್ಲಕ್ಕೂ ಅವರ ಎದೆ ಸಿಳ್ಳೆ ಹೊಡೆದು ಉತ್ತರಿಸುತ್ತದೆ. ಅವರನ್ನು ಕರೆದುಕೊಂಡು ನಾನು ಬೆಳಿಗ್ಗೆ ಆರಕ್ಕೇ ಮೈದಾನ ತಲುಪಿದೆ. ಒಳಚರಂಡಿಗಾಗಿ ಅಗೆದು ಮುಚ್ಚಿ, ಕೇಬಲ್ಲಿಗಾಗಿ ಮತ್ತೆ ಅಗೆದು, ಏತಕ್ಕೆ ಅಗೆದೆವೆಂಬುದು ಮರೆತುಹೋದ್ದರಿಂದ ಮುಚ್ಚದೆ ಬಿಟ್ಟ ರಸ್ತೆಯನ್ನು ದಾಟಿಯೇ ಅಲ್ಲಿಗೆ ಹೋಗಬೇಕಿತ್ತು. ಮೈದಾನದಲ್ಲಿ ಉಸಿರಾಟದ ಸಿದ್ಧತೆಗಳು ಭರದಿಂದ ನಡೆದಿದ್ದವು. ಗಣ್ಯರು ಬರುವ ಮೊದಲು ಸ್ವಚ್ಛವಾಗಿರಬೇಕೆಂದು ನಾಲ್ವರು ಒಣನೆಲವನ್ನು ತೆಂಗಿನಕಡ್ಡಿ ಪೊರಕೆಯಿಂದ ರಪರಪನೆ ಗುಡಿಸುತ್ತಿದ್ದರು. ಧೂಳು ಕೆಂಪು ಮೋಡವಾಗಿ ಎದ್ದು, ಚಾಪೆ ಹಾಸಿ ಕುಳಿತಿದ್ದ ಉಬ್ಬಸಿಗರ ಮೇಲೆ ನಿಧಾನವಾಗಿ ಇಳಿಯುತ್ತಿತ್ತು. ವೇದಿಕೆಯ ಹಿಂದೆ ಡೀಸೆಲ್ ಜನರೇಟರು, ಮುಂದೆ ವಾತಾವರಣ ಶುದ್ಧಿಗೆಂದು ಸಾಂಬ್ರಾಣಿ ಧೂಪ. ಎರಡೂ ಹೊಗೆ ನಟ್ಟನಡುವೆ ಕೂಡಿಕೊಂಡದ್ದು ಹಿರಿಯ ನಾಗರಿಕರಿಗೆ ಮೀಸಲಾಗಿದ್ದ ಸಾಲಿನ ಮೇಲೆ.

ಗಣ್ಯರು ಬಂದಾಗ ಎಂಟು ಗಂಟೆ. ಪ್ರಾರ್ಥನೆ, ಸ್ವಾಗತ, ದೀಪ, ಪೇಟ, ಹಾರ, ಹಣ್ಣಿನ ಬುಟ್ಟಿ, ಇವೆಲ್ಲ ಮುಗಿಯುವ ಹೊತ್ತಿಗೆ ಪ್ರಾಣಾಯಾಮಕ್ಕೆ ಉಳಿದದ್ದು ಹನ್ನೆರಡು ನಿಮಿಷ. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆ ಇಂಥ ಸಭೆಯಲ್ಲೇ ಹುಟ್ಟಿರಬೇಕು. ಮುಖ್ಯ ಅತಿಥಿಗಳು ನಡುವೆ ಒಮ್ಮೆಯೂ ಉಸಿರೆಳೆದುಕೊಳ್ಳದೆ ಮುಕ್ಕಾಲು ಗಂಟೆ ಮಾತನಾಡಿ, ಉಬ್ಬಸವೆಂಬುದು ಆತ್ಮವಿಶ್ವಾಸದ ಕೊರತೆಯೆಂದೂ, ಬಾಯಿಗಿಟ್ಟು ಒತ್ತಿಕೊಳ್ಳುವ ಪಂಪು, ಅಂದರೆ ಇನ್‌ಹೇಲರ್, ಒಂದು ಚಟವೆಂದೂ, ಋಷಿಮುನಿಗಳಾರೂ ಪಂಪು ಹಿಡಿದಿರಲಿಲ್ಲವೆಂದೂ ತಿಳಿಸಿದರು. ಆಮೇಲೆ 'ಪಂಪು ವಿಸರ್ಜನೆ'. ಹುಂಡಿಯಂಥ ಪೆಟ್ಟಿಗೆಯನ್ನು ಸಾಲುಸಾಲಾಗಿ ಹಿಡಿದುಕೊಂಡು ಬಂದರು. ದೊಡ್ಡಮ್ಮನೂ ಕೈ ಮುಗಿದು ತಮ್ಮದನ್ನು ಹಾಕಿಬಿಟ್ಟಾಗ ನನ್ನದೇ ಉಸಿರು ಸಿಕ್ಕಿಕೊಂಡಿತು. ಒಟ್ಟು 26 ಮಂದಿ ಪಂಪು ತ್ಯಜಿಸಿದರೆಂದು ಘೋಷಣೆಯಾಗಿ ಚಪ್ಪಾಳೆ ಬಿತ್ತು.

ಈ ಚಟದ ಲೆಕ್ಕವನ್ನು ಒಮ್ಮೆ ನೋಡಬೇಕು. ಬಿಗಿದ ಶ್ವಾಸನಾಳವನ್ನು ಸಡಿಲಿಸುವ ಸಾಲ್ಬುಟಮಾಲ್ ಪಂಪನ್ನು ಒಂದು ಸಲ ಒತ್ತಿದರೆ ಹೊರಬರುವ ಔಷಧ 100 ಮೈಕ್ರೋಗ್ರಾಂ. ಅದೇ ಔಷಧದ ಒಂದು ಗುಳಿಗೆಯಲ್ಲಿರುವುದು 4 ಮಿಲಿಗ್ರಾಂ, ಎಂದರೆ ನಲವತ್ತು ಪಟ್ಟು. ಪಂಪಿಗೆ ಹೆದರಿ ಗುಳಿಗೆ ನುಂಗುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಊತಗೊಂಡ ಶ್ವಾಸನಾಳವನ್ನು ದಿನದಿನವೂ ತಣಿಸುವ ಸ್ಟೀರಾಯ್ಡ್ ಪಂಪಿನ ಹೆಸರು ಕೇಳಿದರಂತೂ ಹೆಣ್ಣು ನೋಡಲು ಬಂದವರು ಉಪ್ಪಿಟ್ಟನ್ನೂ ಮುಟ್ಟದೆ ಎದ್ದುಹೋಗುತ್ತಾರೆ.

ಉಸಿರಾಟದ ಅಭ್ಯಾಸದಿಂದ ಪ್ರಯೋಜನವಿಲ್ಲವೆಂದು ನಾನು ಹೇಳುತ್ತಿಲ್ಲ. ಸೋವಿಯತ್ ವೈದ್ಯ ಕಾನ್‌ಸ್ಟಾಂಟಿನ್ ಬುಟೆಯ್ಕೊ 1950ರ ದಶಕದಲ್ಲೇ, ಉಬ್ಬಸಿಗರು ಅಗತ್ಯಕ್ಕಿಂತ ಹೆಚ್ಚು ಉಸಿರಾಡುತ್ತಾರೆ, ಮೂಗಿನಿಂದ ಮೆಲ್ಲಗೆ, ಕಡಿಮೆ ಉಸಿರಾಡಲು ಕಲಿಯಬೇಕು ಎಂದಿದ್ದ. ಅವನ ಸಿದ್ಧಾಂತದ ಬಗ್ಗೆ ತಕರಾರುಗಳಿವೆ. ಅಭ್ಯಾಸದಿಂದ ಅನೇಕರಿಗೆ ಹಾಯೆನಿಸಿದ್ದು ಮಾತ್ರ ನಿಜ. ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 22 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2020ರ ಪರಾಮರ್ಶೆಯೂ, ಸೌಮ್ಯ ಮತ್ತು ಮಧ್ಯಮ ಪ್ರಮಾಣದ ಅಸ್ತಮಾ ಇರುವವರ ದಿನನಿತ್ಯದ ಬದುಕು ಇಂಥ ಅಭ್ಯಾಸದಿಂದ ಒಂದಿಷ್ಟು ಸುಧಾರಿಸಬಹುದೆಂದೇ ಹೇಳುತ್ತದೆ. ಆದರೆ ಅದು ಔಷಧದ ಜೊತೆಗೆ, ಔಷಧದ ಬದಲಿಗಲ್ಲ. ಮೂಗು ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಸೇರಿಸಿ, ಸೋಸಿ ಒಳಗೆ ಕಳಿಸುತ್ತದೆ. ಮೂಲೆಯಲ್ಲಿ ಒಬ್ಬರೇ ಕುಳಿತು ಮಾಡುವ ಇಷ್ಟು ಸದ್ದಿಲ್ಲದ ಕೆಲಸಕ್ಕೆ ಮೈಕಾಗಲಿ ಬ್ಯಾನರಾಗಲಿ ಬೇಕಿಲ್ಲ, ಫೋಟೋ ಕೂಡ ಚೆನ್ನಾಗಿ ಬರುವುದಿಲ್ಲ.

ಆದ್ದರಿಂದಲೇ ಸಮಿತಿಯವರು ಭಸ್ತ್ರಿಕಾ ಆರಿಸಿಕೊಂಡಿದ್ದರು. ಭಸ್ತ್ರಿಕಾ ಎಂದರೆ ಕಮ್ಮಾರನ ತಿದಿ. ಅದನ್ನು ಡೊಳ್ಳಿನ ತಾಳಕ್ಕೆ ಮಾಡಿಸಿದರು. ಏದುಸಿರು ಬಿಡುವಂತೆ ರಭಸದಿಂದ ಗಾಳಿ ಎಳೆದರೆ ಸೂಕ್ಷ್ಮವಾದ ಶ್ವಾಸನಾಳ ಇನ್ನಷ್ಟು ಬಿಗಿದುಕೊಳ್ಳಬಹುದು ಎಂಬುದನ್ನು ಡೊಳ್ಳಿನವರಿಗೆ ಯಾರೂ ಹೇಳಿರಲಿಲ್ಲ. ತಾಳ ದ್ರುತಕ್ಕೇರಿದಂತೆ ಮೂರನೆಯ ಸಾಲಿನ ಯಜಮಾನರೊಬ್ಬರು ಮುಂದಕ್ಕೆ ಬಾಗಿ, ಎರಡೂ ಕೈಗಳನ್ನು ಮೊಣಕಾಲ ಮೇಲೆ ಊರಿ, ಬಾಯಿ ತೆರೆದರು. ಹೊಮ್ಮಿದ ಸಿಳ್ಳೆ ಮೈಕಿಲ್ಲದೆಯೇ ವೇದಿಕೆಗೆ ಕೇಳಿಸಿತು. ಡೊಳ್ಳು ನಿಂತಿತು. ಪಂಪನ್ನು ಚಟವೆಂದು ಸಾರಿದ್ದ ಅದೇ ಮೈಕು, "ಯಾರ ಹತ್ತಿರವಾದರೂ ಪಂಪು ಇದೆಯೇ? ದಯವಿಟ್ಟು ಬೇಗ" ಎಂದು ಅಂಗಲಾಚಿತು.

ಪೆಟ್ಟಿಗೆಯ ಕೀಲಿ ಖಜಾಂಚಿಯ ಬಳಿ, ಖಜಾಂಚಿ ತಿಂಡಿಯ ಕೌಂಟರಿನ ಬಳಿ. ಅವರನ್ನು ಎಳೆದು ತಂದು ಬೀಗ ತೆಗೆಸಿದರೆ, ಒಂದಾದ ಮೇಲೊಂದು ಪಂಪನ್ನು ಕುಲುಕಿ ಒತ್ತಿದರೂ ಬರೀ ಟಕ್ ಟಕ್ ಸದ್ದು. ಇಪ್ಪತ್ತಾರೂ ಖಾಲಿ! ನಾನು ಬೆರಗಾಗಿ ಪಕ್ಕಕ್ಕೆ ತಿರುಗುವಷ್ಟರಲ್ಲಿ ದೊಡ್ಡಮ್ಮ ಎಲೆ ಅಡಿಕೆ ಸಂಚಿಯ ದಾರ ಬಿಚ್ಚಿ, ಗೋಟಡಿಕೆಯ ಚೂರುಗಳ ಅಡಿಯಿಂದ ನೀಲಿ ಪಂಪನ್ನು ತೆಗೆದು, ಅದರ ಬಾಯಿಗೆ ಮೆತ್ತಿದ್ದ ಸುಣ್ಣವನ್ನು ಸೆರಗಿನಿಂದ ಒರೆಸುತ್ತಿದ್ದರು. "ಮುಗಿದಿದ್ದನ್ನ ಹಾಕ್ದೆ ಮಾರಾಯ. ತುಂಬಿದ್ದನ್ನ ಹಾಕೋಕೆ ನಂಗೇನು ಮರುಳಾ?" ಎಂದರು.

ಯಜಮಾನರು ಐದಾರು ನಿಮಿಷಗಳಲ್ಲಿ ನೆಟ್ಟಗೆ ಕುಳಿತರು. ನಿರೂಪಕರು ಒಡನೆಯೇ ಮೈಕು ಹಿಡಿದು, "ನೋಡಿ ಬಂಧುಗಳೇ, ಪ್ರಾಣಾಯಾಮದ ಫಲ ಕಣ್ಣೆದುರೇ ಇದೆ" ಎಂದರು. ಮತ್ತೆ ಚಪ್ಪಾಳೆ ಬಿತ್ತು. ಯಜಮಾನರಿಗೂ ಒಂದು ಹಾರ ಬಿತ್ತು. ದೊಡ್ಡಮ್ಮನಿಗೆ ಪಂಪು ಹಿಂದಿರುಗಿ ಸಿಗಲು ವಂದನಾರ್ಪಣೆ ಮುಗಿಯಬೇಕಾಯಿತು.

ಶಿಬಿರದ ಎರಡನೆಯ ಹಂತ ಮುಂದಿನ ಭಾನುವಾರ ಅದೇ ಮೈದಾನದಲ್ಲಿ ನಡೆಯಲಿದೆ. ನಿನ್ನೆ ಮನೆಗೆ ಬಂದ ಕರಪತ್ರದ ಕೊನೆಗೆ ಸಣ್ಣ ಅಕ್ಷರದಲ್ಲಿ ಹೀಗೆ ಅಚ್ಚಾಗಿದೆ: 'ವಿ.ಸೂ.: ರಸ್ತೆ ಕಾಮಗಾರಿ ನಡೆಯುತ್ತಿರುವುದರಿಂದ ಶಿಬಿರಾರ್ಥಿಗಳು ಕಡ್ಡಾಯವಾಗಿ ಮಾಸ್ಕ್ ಧರಿಸಿ ಬರತಕ್ಕದ್ದು.'